ಅಂಬಲಿಮೀನಿನ ಹುಟ್ಟನ್ನು ಕಂಡ ಪಾದ್ರಿ: ಮೈಕೇಲ್ ಸಾರ್ಸ್

(ಅಂತಿಮ ಬಿ. ಎ. ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ಒಬ್ಬ ಮಹಾಪುರುಷನ ಜೀವನವನ್ನು ಕುರಿತು ಬರೆಯಬೇಕೆಂದು ಮನಸ್ಸು ಮಾಡಿದಾಗ ನನ್ನ ಕಣ್ಣ ಮುಂದೆ ರಾಜರೂ ಸೇನಾಪತಿಗಳೂ ಕವಿಗಳೂ ಸಾಲುಗಟ್ಟಿ ನಿಂತರು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವವನಿಗೆ ಅವರ ಪರಿಚಯವಿರುವುದು ಸಹಜವೇ. ಆದರೆ ಅವರನ್ನೆಲ್ಲ ಬಿಟ್ಟು ನಾನು ಆರಿಸಿಕೊಂಡದ್ದು ನಾರ್ವೆ ದೇಶದ ಕಡಲಂಚಿನ ಒಬ್ಬ ಪಾದ್ರಿಯನ್ನು. ಪ್ರಾಣಿಶಾಸ್ತ್ರವನ್ನು ಬಲ್ಲವರಿಗೆ ಮೈಕೇಲ್ ಸಾರ್ಸನ ಹೆಸರು ಚಿರಪರಿಚಿತ. ಕಲಾ ವಿಭಾಗದವನಾದ ನನಗೆ ಅದು ದೊರೆತದ್ದು ಮಾತ್ರ ಆಕಸ್ಮಿಕವಾಗಿ.

ಮೊದಲನೆಯ ಮಹಾಯುದ್ಧದ ಅನಂತರ ಹುಟ್ಟಿದ ರಾಷ್ಟ್ರಸಂಘದ ವಿಚಾರವನ್ನು ಓದುತ್ತಿದ್ದಾಗ ಫ್ರಿಟ್ಯೋಫ್ ನಾನ್ಸೆನ್ ಎಂಬ ನಾರ್ವೆಯವನ ಹೆಸರು ಬಂದಿತು. ನೆಲೆ ತಪ್ಪಿದ ಲಕ್ಷಾಂತರ ನಿರಾಶ್ರಿತರಿಗೆ ರಹದಾರಿ ಪತ್ರ ದೊರಕುವಂತೆ ಮಾಡಿ, 1922ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಮಹನೀಯನಾತ. ಆತನ ಹೆಂಡತಿ ಈವಾ ಒಳ್ಳೆಯ ಗಾಯಕಿ. ಆಕೆಯ ಅಣ್ಣಂದಿರಲ್ಲಿ ಒಬ್ಬನಾದ ಅರ್ನ್ಸ್ಟ್ ಸಾರ್ಸ್ ನಾರ್ವೆಯ ಹೆಸರಾಂತ ಇತಿಹಾಸಕಾರ. ಇನ್ನೊಬ್ಬನಾದ ಗೇಯಾರ್ಗ್ ಒಸ್ಸಿಯನ್ ಸಾರ್ಸ್ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ. ಒಂದೇ ಮನೆಯಿಂದ ಇಂಥ ಮಕ್ಕಳು ಹೊರಬಂದರೆಂದ ಮೇಲೆ ಆ ಮನೆಯ ಯಜಮಾನನು ಯಾರೆಂಬ ಕುತೂಹಲ ಸಹಜವಲ್ಲವೆ? ಹುಡುಕುತ್ತ ಹೋದೆ. ಸಿಕ್ಕಿದವನು ನನ್ನ ಹಳೆಯ ಸಾಲವೊಂದನ್ನು ತೀರಿಸಬಲ್ಲವನಾಗಿದ್ದನು.

ಆ ಸಾಲದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕರಾವಳಿಯವನು. ನಮ್ಮ ಅಪ್ಪಯ್ಯ ಕೈರಂಪಣಿ ಬಲೆ ಎಳೆಯುವವರು. ವರ್ಷದಲ್ಲಿ ಕೆಲವು ದಿನ ಬಲೆಗೆ ಮೀನಿಗೆ ಬದಲಾಗಿ ಲೋಳೆಯ ಮುದ್ದೆಗಳೇ ಬಂದು ಬೀಳುತ್ತವೆ. ಬಲೆ ಎಳೆಯಲಾರದಷ್ಟು ಭಾರವಾಗುತ್ತದೆ. ಬಿಡಿಸುವವರ ಕೈಗೆ ತುರಿಕೆ, ಉರಿ. ಇವೇ ಇಂಗ್ಲಿಷಿನಲ್ಲಿ ಜೆಲ್ಲಿಫಿಶ್ ಎಂದೂ ಕನ್ನಡದ ಪುಸ್ತಕಗಳಲ್ಲಿ ಅಂಬಲಿಮೀನು ಎಂದೂ ಕರೆಯಲ್ಪಡುವ ಪ್ರಾಣಿಗಳು. ಕೆಲವು ವಾರ ಕಾಟ ಕೊಟ್ಟು ಅವು ಕಾಣದಾಗುತ್ತವೆ. ನಾನು ಕಾಲೇಜಿಗೆ ಸೇರಿದ ವರ್ಷ ಅಪ್ಪಯ್ಯ ನನ್ನನ್ನು ಕೇಳಿದರು: ಇವು ಇಷ್ಟೊಂದು ಒಮ್ಮೆಗೇ ಎಲ್ಲಿಂದ ಬರುತ್ತವೆ, ಉಳಿದ ತಿಂಗಳುಗಳಲ್ಲಿ ಎಲ್ಲಿರುತ್ತವೆ, ಇವುಗಳ ಮರಿಗಳನ್ನು ನಾವು ಕಾಣುವುದಿಲ್ಲವೇಕೆ ಎಂದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಎಲ್ಲ ಪ್ರಶ್ನೆಗಳಿಗೂ ನನ್ನ ಬಳಿ ಉತ್ತರವಿರಬೇಕೆಂಬುದು ಮನೆಯವರ ನಂಬಿಕೆ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆನ್ನಲು ನಾಚಿಕೆಯಾಯಿತು. ದೊಡ್ಡ ಲೋಳೆ ಚಿಕ್ಕ ಲೋಳೆಗಳನ್ನು ಹಾಕುತ್ತದೆ, ಅವು ಆಳದ ನೀರಿನಲ್ಲಿ ಬೆಳೆದು ಮೇಲೆ ಬರುತ್ತವೆ ಎಂದು ಬಾಯಿಗೆ ಬಂದುದನ್ನು ಹೇಳಿಬಿಟ್ಟೆ. ಅಪ್ಪಯ್ಯ ತಲೆಯಾಡಿಸಿ ನಂಬಿದರು. ನಾನು ಹೇಳಿದ್ದು ಸುಳ್ಳೆಂದು ತಿಳಿದದ್ದು ಸಾರ್ಸನ ಜೀವನವನ್ನು ಓದಿದ ಮೇಲೆ.

ಮೈಕೇಲ್ ಸಾರ್ಸನು ಹುಟ್ಟಿದ್ದು 1805ನೆಯ ಇಸವಿ ಆಗಸ್ಟ್ 30ರಂದು, ನಾರ್ವೆಯ ಪಶ್ಚಿಮ ತೀರದ ಬರ್ಗೆನ್ ಪಟ್ಟಣದಲ್ಲಿ. ತಂದೆ ಹಡಗಿನ ಯಜಮಾನ. ಬರ್ಗೆನ್ ಎಂದರೆ ಮೀನು, ಹಡಗು, ವ್ಯಾಪಾರಗಳ ಊರು. ಆಗ ನಾರ್ವೆಯು ಡೆನ್ಮಾರ್ಕಿನ ಅರಸನ ಕೈಕೆಳಗಿತ್ತು. 1814ರಲ್ಲಿ ಆ ಬಂಧ ಕಡಿದು ಸ್ವೀಡನ್ನಿನ ಜತೆಗೆ ಹೊಸ ಬಂಧ ಬೆಸೆಯಿತು. ಪೂರ್ಣ ಸ್ವಾತಂತ್ರ್ಯ ಬಂದದ್ದು 1905ರಲ್ಲಿ. ದೇಶಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವೂ 1811ರವರೆಗೆ ಇರಲಿಲ್ಲ. ಆ ವರ್ಷ ಸ್ಥಾಪನೆಯಾದ, ಇಂದು ಓಸ್ಲೋ ಎಂದು ಕರೆಯಲ್ಪಡುವ ಅಂದಿನ ಕ್ರಿಸ್ಟಿಯಾನಿಯಾ ನಗರದ ವಿಶ್ವವಿದ್ಯಾನಿಲಯಕ್ಕೆ 1823ರಲ್ಲಿ ಸಾರ್ಸನು ವಿದ್ಯಾರ್ಥಿಯಾಗಿ ಬಂದನು. ಹೊಸ ವಿಶ್ವವಿದ್ಯಾನಿಲಯದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಆತನೂ ಒಬ್ಬನೆಂದರೆ ತಪ್ಪಾಗದು.

ಆತನ ಒಲವು ಇದ್ದದ್ದು ಪ್ರಕೃತಿಶಾಸ್ತ್ರದಲ್ಲಿ, ಅದರಲ್ಲಿಯೂ ಕಡಲಿನ ಪ್ರಾಣಿಗಳಲ್ಲಿ. ಆದರೆ ಆ ಶಾಸ್ತ್ರವನ್ನು ನಂಬಿ ಜೀವನ ಸಾಗಿಸುವ ದಾರಿ ಆ ಬಡದೇಶದಲ್ಲಿ ಬಹಳವಾಗಿ ಇರಲಿಲ್ಲ. ಪಾದ್ರಿಯ ಕೆಲಸವಾದರೋ ಗೌರವದ್ದು, ಸಂಬಳ ಬರತಕ್ಕದ್ದು, ಇರಲು ಮನೆಯನ್ನೂ ಕೊಡತಕ್ಕದ್ದು. ಸಾರ್ಸನು ಧರ್ಮಶಾಸ್ತ್ರವನ್ನು ಓದಿ 1828ರಲ್ಲಿ ಪದವಿ ಪಡೆದನು. ಕೆಲವು ಕಾಲ ಕ್ರಿಸ್ಟಿಯಾನಿಯಾದಲ್ಲಿಯೂ ಬರ್ಗೆನ್ನಿನಲ್ಲಿಯೂ ಉಪಾಧ್ಯಾಯನಾಗಿದ್ದನು. ಒಲವು ಒಂದು ಕಡೆ, ಅನ್ನ ಇನ್ನೊಂದು ಕಡೆ. ಈ ಇಬ್ಬಂದಿಯನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಆತನು ಎರಡನ್ನೂ ಬಿಡಲಿಲ್ಲವೆಂಬುದೇ ಆತನ ಜೀವನದ ಸ್ವಾರಸ್ಯ.

ಪದವಿ ಪಡೆದ ಮರುವರ್ಷವೇ, ಎಂದರೆ 1829ರಲ್ಲಿ, ಆತನು ಕಡಲ ಪ್ರಾಣಿಗಳ ಇತಿಹಾಸವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಆಗ ಆತನಿಗೆ ಇಪ್ಪತ್ತನಾಲ್ಕರ ಪ್ರಾಯ. ಅದರಲ್ಲಿ ಆತನು ತಾನು ಕಂಡ ಎರಡು ಹೊಸ ಪ್ರಾಣಿಗಳನ್ನು ವರ್ಣಿಸಿ ಹೆಸರಿಟ್ಟನು. ಒಂದು, ಸೈಫಿಸ್ಟೋಮ. ಇದು ಕೆಲವೇ ಮಿಲಿಮೀಟರು ಎತ್ತರದ, ಬಟ್ಟಲಿನಾಕಾರದ ಜೀವಿ. ಬುಡವು ಯಾವುದಾದರೂ ಆಧಾರಕ್ಕೆ ಅಂಟಿಕೊಂಡಿರುತ್ತದೆ, ಮೇಲೆ ಬಾಯಿ, ಬಾಯಿಯ ಸುತ್ತ ನೂಲಿನಂಥ ಕರಬಳ್ಳಿಗಳು. ಇನ್ನೊಂದು, ಸ್ಟ್ರೋಬಿಲ. ಇದು ತಟ್ಟೆಗಳನ್ನು ಒಂದರ ಮೇಲೊಂದು ಅಡಕಿಟ್ಟಂತೆ ಕಾಣುವ ಜೀವಿ. ಎರಡೂ ಬೇರೆ ಬೇರೆ ಪ್ರಾಣಿಗಳೆಂದು ಆತನು ತಿಳಿದಿದ್ದನು. ಆ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದಿನ ಕಥೆಯೆಲ್ಲ ಅವುಗಳ ಸುತ್ತಲೇ ಇದೆ.

1831ರಲ್ಲಿ ಆತನಿಗೆ ಕಿನ್ ಎಂಬಲ್ಲಿ ಪಾದ್ರಿಯ ಕೆಲಸ ದೊರೆಯಿತು. ಅದೇ ವರ್ಷ ಮಾರೆನ್ ವೆಲ್‌ಹಾವೆನ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಈಕೆ ನಾರ್ವೆಯ ಪ್ರಸಿದ್ಧ ಕವಿ ವೆಲ್‌ಹಾವೆನ್ನನ ತಂಗಿ. ಕಿನ್ ಎಂಬುದು ಬರ್ಗೆನ್ನಿನ ಉತ್ತರಕ್ಕೆ, ತೆರೆದ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ದ್ವೀಪಗಳ ಪ್ರದೇಶ. ಜನ ಮೀನುಗಾರರು. ಒಂದು ದ್ವೀಪದಿಂದ ಮತ್ತೊಂದಕ್ಕೆ ಹೋಗಬೇಕಾದರೆ ದೋಣಿಯೇ ಗತಿ. ಬೇರೆ ಯಾರಾದರೂ ಇದನ್ನು ವನವಾಸವೆಂದು ಗೊಣಗುತ್ತಿದ್ದರೋ ಏನೋ. ಸಾರ್ಸನಿಗೆ ಇದು ಪ್ರಯೋಗಶಾಲೆಯ ಬಾಗಿಲಿನಲ್ಲಿಯೇ ಮನೆ ಕಟ್ಟಿದಂತಾಯಿತು. ಒಂಬತ್ತು ವರ್ಷ ಅಲ್ಲಿ, ಅನಂತರ 1840ರ ಸುಮಾರಿನಿಂದ ಬರ್ಗೆನ್ನಿಗೆ ಹತ್ತಿರವಾದ ಮಾಂಗೆರ್ ಎಂಬಲ್ಲಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆತನು ಕಡಲ ಕರೆಯಲ್ಲಿ ಪಾದ್ರಿಯಾಗಿ ಕಳೆದನು. ಸಂಸಾರ ದೊಡ್ಡದು, ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು, ಕೆಲವರು ಎಳವೆಯಲ್ಲಿಯೇ ತೀರಿಕೊಂಡರು. ಮದುವೆ, ನಾಮಕರಣ, ಸಾವುಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ನಡೆದದ್ದು ವಿಜ್ಞಾನ.

ಈಗ ಅಂಬಲಿಮೀನಿನ ವಿಚಾರಕ್ಕೆ ಬರೋಣ. ಹೆಸರಿನಲ್ಲಿ ಮೀನೆಂದಿದ್ದರೂ ಅದು ಮೀನಲ್ಲ. ಅದಕ್ಕೆ ಬೆನ್ನುಮೂಳೆಯಿಲ್ಲ, ಹೃದಯವಿಲ್ಲ, ಮಿದುಳಿಲ್ಲ, ರಕ್ತವೂ ಇಲ್ಲ. ಮೈಯ ನೂರು ಪಾಲಿನಲ್ಲಿ ಸುಮಾರು ತೊಂಬತ್ತೈದು ಪಾಲು ನೀರೇ. ಕೊಡೆಯಂಥ ದೇಹವನ್ನು ಮುದುಡಿ ಬಿಚ್ಚಿ ಈಜುತ್ತದೆ. ಕರಬಳ್ಳಿಗಳಲ್ಲಿ ಸಾವಿರಾರು ಕುಟುಕು ಕಣಗಳಿವೆ. ಒಂದೊಂದರೊಳಗೂ ಸುರುಳಿ ಸುತ್ತಿದ ಟೊಳ್ಳು ದಾರವಿರುತ್ತದೆ. ಏನಾದರೂ ತಗುಲಿದೊಡನೆ ದಾರವು ಸಿಡಿದು ಚುಚ್ಚಿ ವಿಷ ಬಿಡುತ್ತದೆ. ನಮ್ಮೂರಿನವರ ಕೈ ಉರಿಯುವುದು ಇದರಿಂದಲೇ. ಹವಳ, ಕಡಲಹೂವು, ಸಿಹಿನೀರಿನ ಹೈಡ್ರ ಇವೆಲ್ಲ ಅಂಬಲಿಮೀನಿನ ದಾಯಾದಿಗಳು. ಎಲ್ಲಕ್ಕೂ ಈ ಕುಟುಕು ಕಣವೇ ಕುಲದ ಗುರುತು. ಕೊಡೆಯಾಕಾರದ ಈ ರೂಪಕ್ಕೆ ಶಾಸ್ತ್ರದಲ್ಲಿ ಮೆಡೂಸಾ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ತಲೆಗೂದಲಿಗೆ ಬದಲು ಹಾವುಗಳಿದ್ದ ರಾಕ್ಷಸಿಯ ಹೆಸರದು.

ಇಂಥ ಪ್ರಾಣಿಯು ಹೇಗೆ ಹುಟ್ಟಿ ಬೆಳೆಯುತ್ತದೆಂಬುದು ಸಾರ್ಸನ ಕಾಲದವರೆಗೂ ಬಿಡಿಸದ ಒಗಟಾಗಿತ್ತು. ತೀರದಲ್ಲಿ ದೊಡ್ಡವೇನೋ ಕಾಣುತ್ತಿದ್ದುವು. ಅವುಗಳ ಎಳೆತನವನ್ನು ಸರಿಯಾಗಿ ಗುರುತಿಸಿದವರಿರಲಿಲ್ಲ. ಕೆಲವೇ ಮಿಲಿಮೀಟರು ಅಗಲದ, ಎಂಟೆಸಳಿನ ನಕ್ಷತ್ರದಂಥ ಒಂದು ಈಜುವ ಜೀವಿಯೂ ವಿದ್ವಾಂಸರ ಕಣ್ಣಿಗೆ ಬಿದ್ದಿತ್ತು. ಅದನ್ನು ಅವರು ಬೇರೊಂದು ಪ್ರಾಣಿಯೆಂದು ಭಾವಿಸಿ ಎಫೈರ ಎಂದು ಹೆಸರಿಟ್ಟಿದ್ದರು. ಹೀಗೆ ಪುಸ್ತಕಗಳಲ್ಲಿ ಸೈಫಿಸ್ಟೋಮ, ಸ್ಟ್ರೋಬಿಲ, ಎಫೈರ, ಮೆಡೂಸಾ ಎಂದು ನಾಲ್ಕು ಹೆಸರುಗಳು ನಾಲ್ಕು ಕಡೆ ಇದ್ದುವು.

ಕಿನ್ನಿನ ನೀರಿನಲ್ಲಿ ಸಾರ್ಸನು ತನ್ನ ಎರಡು ಪ್ರಾಣಿಗಳನ್ನು ಬಿಡದೆ ಗಮನಿಸುತ್ತ ಬಂದನು. ಒಂದು ವಸ್ತುವನ್ನು ಒಮ್ಮೆ ನೋಡಿ ಹೆಸರಿಡುವುದು ಸುಲಭ. ಅದು ನಾಳೆ ಏನಾಗುತ್ತದೆಂದು ಕಾದು ನೋಡುವುದು ಕಷ್ಟ. ಕಾದವನಿಗೆ ಫಲ ದೊರೆಯಿತು. ಬಟ್ಟಲಿನಂಥ ಸೈಫಿಸ್ಟೋಮದ ಮೈಯಲ್ಲಿ ಅಡ್ಡಡ್ಡಲಾಗಿ ಗೆರೆಗಳು ಮೂಡಿ, ಗೆರೆಗಳು ಆಳವಾಗಿ, ಕೊನೆಗೆ ಅದು ತಟ್ಟೆಗಳ ಅಡಕಿನಂತಾಯಿತು. ಎಂದರೆ ಸೈಫಿಸ್ಟೋಮವೇ ಸ್ಟ್ರೋಬಿಲವಾಯಿತು! ಆ ಮೇಲೆ ತುದಿಯ ತಟ್ಟೆ ಮಿಡುಕಿ ಮಿಡುಕಿ ಕಳಚಿಕೊಂಡು ಈಜಿ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಳಚಿ ಹೋದ ತಟ್ಟೆಗಳಿಗೆ ಎಂಟು ಎಸಳುಗಳು. ಅವು ಎಫೈರಗಳಲ್ಲದೆ ಬೇರೆಯಲ್ಲ. 1835ರಲ್ಲಿ ಪ್ರಕಟವಾದ ತನ್ನ ಎರಡನೆಯ ಗ್ರಂಥದಲ್ಲಿ ಸಾರ್ಸನು, ತಾನು ಆರು ವರ್ಷಗಳ ಹಿಂದೆ ಎರಡು ಪ್ರಾಣಿಗಳೆಂದು ಬರೆದದ್ದು ಒಂದೇ ಪ್ರಾಣಿಯ ಎರಡು ಅವಸ್ಥೆಗಳೆಂದು ತೋರಿಸಿದನು.

ಈ ಸ್ಥಳದಲ್ಲಿ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆತನು ಹಳ್ಳಿಯ ಪಾದ್ರಿ. ಆತನಿಗೆ ವಿಶ್ವವಿದ್ಯಾನಿಲಯದ ಪೀಠವಿರಲಿಲ್ಲ. ಇದ್ದ ಬಂಡವಾಳವೆಂದರೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೆಸರಿಟ್ಟ ಆ ಹೊಸ ಪ್ರಾಣಿಗಳು. ಹೊಸ ಪ್ರಾಣಿಯೊಂದಕ್ಕೆ ಹೆಸರಿಡುವುದು ಶಾಸ್ತ್ರಜ್ಞರಲ್ಲಿ ದೊಡ್ಡ ಮರ್ಯಾದೆ. ಅಂಥ ಮರ್ಯಾದೆಯನ್ನು ತನ್ನ ಕೈಯಿಂದಲೇ ಅಳಿಸಿ, ಮೊದಲು ಬರೆದುದು ಸರಿಯಲ್ಲವೆಂದು ಅಚ್ಚು ಹಾಕಿಸುವುದು ಎಲ್ಲರಿಂದ ಆಗುವ ಮಾತಲ್ಲ. ನನಗಾದರೋ ಅಪ್ಪಯ್ಯನೊಬ್ಬರ ಮುಂದೆ ಗೊತ್ತಿಲ್ಲವೆನ್ನುವುದೂ ಆಗಿರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಎಫೈರವು ಬೆಳೆದು ಏನಾಗುತ್ತದೆ? 1837ರ ಹೊತ್ತಿಗೆ ಸಾರ್ಸನಿಗೆ ಅದರ ಉತ್ತರವೂ ದೊರೆತಿತ್ತು. ಎಫೈರದ ಎಸಳುಗಳ ನಡುವಣ ಸಂದುಗಳು ಮೆಲ್ಲಮೆಲ್ಲನೆ ತುಂಬಿಕೊಂಡು, ಅಂಚಿನಲ್ಲಿ ಕರಬಳ್ಳಿಗಳು ಹುಟ್ಟಿ, ನಕ್ಷತ್ರವು ಕೊಡೆಯಾಗುತ್ತದೆ. ಅದೇ ತೀರದಲ್ಲಿ ಕಾಣುವ ದೊಡ್ಡ ಅಂಬಲಿಮೀನು. 1841ರಲ್ಲಿ ಜರ್ಮನಿಯ ಒಂದು ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಆತನು ಎರಡು ಜಾತಿಯ ಅಂಬಲಿಮೀನುಗಳ ಬೆಳವಣಿಗೆಯನ್ನು ಚಿತ್ರಸಹಿತವಾಗಿ ವಿವರಿಸಿದನು. ಒಂದು, ಯುರೋಪಿನ ತೀರಗಳಲ್ಲಿ ಸರ್ವಸಾಮಾನ್ಯವಾದ ಚಂದ್ರಾಕಾರದ ಅಂಬಲಿಮೀನು. ಇನ್ನೊಂದು, ಉತ್ತರದ ತಣ್ಣೀರಿನಲ್ಲಿ ವಾಸಿಸುವ ಕೇಸರದಂಥ ಕರಬಳ್ಳಿಗಳ ಬೃಹತ್ ಜಾತಿ. ಆ ಕಾಲದಲ್ಲಿಯೇ ಸ್ಕಾಟ್ಲೆಂಡಿನ ಸರ್ ಜಾನ್ ಡ್ಯಾಲಿಯೆಲ್ ಎಂಬಾತನೂ ಇಂಥ ಬಟ್ಟಲಿನ ಜೀವಿಗಳನ್ನು ಸಾಕಿ ಅವುಗಳಿಂದ ಮರಿಗಳು ಕಳಚುವುದನ್ನು ಕಂಡಿದ್ದನು. ಜರ್ಮನಿಯ ವಾನ್ ಸೀಬೋಲ್ಡನು ಅಂಬಲಿಮೀನಿನ ಮೊಟ್ಟೆಯಿಂದ ಹೊರಟ ಮರಿಯು ನೆಲೆಯೂರಿ ಬಟ್ಟಲಿನ ಜೀವಿಯಾಗುವುದನ್ನು 1839ರಲ್ಲಿ ವರ್ಣಿಸಿದನು. ಹೀಗೆ ಹಲವರ ಕೈ ಕೂಡಿ ಒಂದು ಚಕ್ರ ಪೂರ್ಣವಾಯಿತು. ಆದರೂ ಅದರ ನಡುವಿನ ಕೀಲನ್ನು ಜೋಡಿಸಿದವನು ಸಾರ್ಸನೇ.

ಆ ಚಕ್ರವನ್ನು ಮೊದಲಿನಿಂದ ಒಮ್ಮೆ ಹೇಳುತ್ತೇನೆ. ಚಂದ್ರಾಕಾರದ ಅಂಬಲಿಮೀನುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಬೀಜಾಣುಗಳನ್ನು ನೀರಿಗೆ ಬಿಡುತ್ತದೆ. ಫಲಿತ ಮೊಟ್ಟೆಗಳು ತಾಯಿಯ ಬಾಯಿಯ ಸುತ್ತಲಿನ ತೋಳುಗಳ ಮಡಿಕೆಗಳಲ್ಲಿ ಕೆಲವು ಕಾಲ ಇದ್ದು ಮರಿಯಾಗುತ್ತವೆ. ಈ ಮರಿಯು ಕಣ್ಣಿಗೆ ಕಾಣಿಸುವುದೇ ಕಷ್ಟ. ಮೈಯೆಲ್ಲ ಸೂಕ್ಷ್ಮ ರೋಮ. ಇದಕ್ಕೆ ಪ್ಲಾನುಲ ಎಂದು ಹೆಸರು. ರೋಮಗಳನ್ನು ಆಡಿಸುತ್ತ ಕೆಲವು ದಿನ ಈಜಿ, ಕಲ್ಲು, ಚಿಪ್ಪು, ಪಾಚಿ ಇಲ್ಲವೆ ಮುಳುಗಿದ ಮರದ ಕೆಳಮೈಗೆ ಅಂಟಿಕೊಳ್ಳುತ್ತದೆ. ಅಲ್ಲಿ ಬಾಯಿ ತೆರೆದು ಕರಬಳ್ಳಿ ಮೂಡಿ ಸೈಫಿಸ್ಟೋಮವಾಗುತ್ತದೆ. ಇಂದು ಇದನ್ನೇ ಪಾಲಿಪ್ ಎನ್ನುತ್ತಾರೆ. ಪಾಲಿಪ್ಪು ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತ, ಬಾಳೆಯ ಗಿಡ ಬುಡದಲ್ಲಿ ಕಂದು ಒಡೆಯುವಂತೆ ತನ್ನ ಪಕ್ಕದಲ್ಲಿ ಇನ್ನಷ್ಟು ಪಾಲಿಪ್ಪುಗಳನ್ನು ಒಡೆಯುತ್ತ, ವರ್ಷಗಟ್ಟಲೆ ಇರಬಲ್ಲದು. ನೀರಿನ ಶಾಖ, ಆಹಾರ ಮುಂತಾದುವು ಹದವಾದಾಗ ತಟ್ಟೆ ತಟ್ಟೆಯಾಗಿ ಸೀಳಿ ಎಫೈರಗಳನ್ನು ಬಿಡುತ್ತದೆ. ತಣ್ಣೀರಿನ ದೇಶಗಳಲ್ಲಿ ಇದು ಸಾಮಾನ್ಯವಾಗಿ ಚಳಿಗಾಲ ಕಳೆದು ವಸಂತ ಬರುವ ಸಮಯ. ಎಫೈರಗಳು ಕೆಲವು ತಿಂಗಳಲ್ಲಿ ಬೆಳೆದು ಗೇಣಗಲದ ಅಂಬಲಿಮೀನುಗಳಾಗಿ, ಸಂತಾನ ಬಿಟ್ಟು, ಹೆಚ್ಚಾಗಿ ವರ್ಷದೊಳಗೆ ಸಾಯುತ್ತವೆ. ತಟ್ಟೆಗಳನ್ನೆಲ್ಲ ಬಿಟ್ಟುಕೊಟ್ಟ ಪಾಲಿಪ್ಪಿನ ಬುಡ ಮಾತ್ರ ಸಾಯದೆ, ಮತ್ತೆ ಕರಬಳ್ಳಿ ಮೂಡಿಸಿಕೊಂಡು ಮುಂದಿನ ವರ್ಷಕ್ಕೆ ಕಾಯುತ್ತದೆ.

ಕಂಬಳಿಹುಳು ಚಿಟ್ಟೆಯಾಗುವುದನ್ನು ನಾವೆಲ್ಲ ಬಲ್ಲೆವು. ಇದೂ ಅದೇ ಬಗೆಯದಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಒಂದು ಕಂಬಳಿಹುಳುವಿನಿಂದ ಆಗುವುದು ಒಂದೇ ಚಿಟ್ಟೆ. ಚಿಟ್ಟೆಯಾದ ಮೇಲೆ ಹುಳು ಉಳಿಯದು. ಇಲ್ಲಿ ಒಂದು ಪಾಲಿಪ್ಪಿನಿಂದ ಅನೇಕ ಅಂಬಲಿಮೀನುಗಳು, ಪಾಲಿಪ್ಪೂ ಉಳಿದಿರುತ್ತದೆ. ಅಂಬಲಿಮೀನಿನ ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ಮೊಮ್ಮಕ್ಕಳು ಅಜ್ಜಿಯನ್ನು ಹೋಲುತ್ತಾರೆ. ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್ ಎಂಬ ವಿದ್ವಾಂಸನು 1842ರಲ್ಲಿ ಇಂಥ ಸಂಗತಿಗಳನ್ನೆಲ್ಲ ಒಟ್ಟುಗೂಡಿಸಿ, ಇದು ಪ್ರಕೃತಿಯ ಒಂದು ನಿಯಮವೆಂದು ವಾದಿಸಿ, ಪೀಳಿಗೆಗಳ ಪರ್ಯಾಯವೆಂದು ಅದನ್ನು ಕರೆದನು. ಆತನ ಗ್ರಂಥಕ್ಕೆ ಸಾರ್ಸನ ಅವಲೋಕನಗಳು ಮುಖ್ಯ ಆಧಾರ. ಇದಕ್ಕೂ ಹಿಂದೆ, 1819ರಲ್ಲಿ, ಜರ್ಮನ್ ಕವಿ ಷಾಮಿಸ್ಸೊ ತನ್ನ ಭೂಪ್ರದಕ್ಷಿಣೆಯ ಕಾಲದಲ್ಲಿ ಕಂಡ ಸಾಲ್ಪ ಎಂಬ ಪಾರದರ್ಶಕ ಕಡಲ ಪ್ರಾಣಿಯ ವಿಷಯದಲ್ಲಿ ಇಂಥದನ್ನೇ ಬರೆದಾಗ ಬಹಳ ಮಂದಿ ನಂಬಿರಲಿಲ್ಲ. ಸಾಲ್ಪವು ಅಂಬಲಿಮೀನಿನ ನಂಟನಲ್ಲ. ಆದರೆ ಅದರಲ್ಲಿಯೂ ಒಂಟಿಯಾಗಿ ಇರುವ ಪೀಳಿಗೆಯೂ ಸರಪಣಿಯಂತೆ ಕೂಡಿರುವ ಪೀಳಿಗೆಯೂ ಒಂದಾದ ಮೇಲೊಂದು ಬರುತ್ತವೆ. ಸಾರ್ಸನು ಸಾಲ್ಪಗಳನ್ನೂ ಪರೀಕ್ಷಿಸಿ ಕವಿಯು ಹೇಳಿದ್ದು ನಿಜವೆಂಬುದಕ್ಕೆ ಬೆಂಬಲವಿತ್ತನು. ಮುಂದೆ 1851ರಲ್ಲಿ ಹಾಫ್‌ಮೈಸ್ಟರನು ಹಾವಸೆ, ಜರೀಗಿಡಗಳಲ್ಲಿಯೂ ಇಂಥ ಪರ್ಯಾಯವುಂಟೆಂದು ತೋರಿಸಿದನು.

ಸಾರ್ಸನು ಅಂಬಲಿಮೀನೊಂದಕ್ಕೇ ಕಟ್ಟುಬಿದ್ದವನಲ್ಲ. ಕಡಲಿನ ಬಸವನಹುಳುಗಳ ಜಾತಿಯಲ್ಲಿ ಬೆಳೆದ ಮೇಲೆ ಚಿಪ್ಪಿಲ್ಲದ ಕೆಲವು ಪ್ರಾಣಿಗಳಿಗೆ ಎಳೆತನದಲ್ಲಿ ಚಿಪ್ಪಿರುತ್ತದೆಂದು ಆತನು ತೋರಿಸಿದನು. ನಕ್ಷತ್ರಮೀನಿನ ಬೆಳವಣಿಗೆಯನ್ನೂ ಅಭ್ಯಾಸ ಮಾಡಿದನು. 1837ರಲ್ಲಿ ಸರಕಾರದ ಸಹಾಯದಿಂದ ಹಾಲೆಂಡ್, ಫ್ರಾನ್ಸ್, ಜರ್ಮನಿ ಮುಂತಾದ ದೇಶಗಳಲ್ಲಿ ಸಂಚರಿಸಿ ಅಲ್ಲಿಯ ವಿದ್ವಾಂಸರ ಪರಿಚಯ ಮಾಡಿಕೊಂಡನು. 1846ರಲ್ಲಿ ನಾರ್ವೆಯ ಕರಾವಳಿಯ ಪ್ರಾಣಿಗಳನ್ನು ಕುರಿತ ಮಹಾಗ್ರಂಥದ ಮೊದಲ ಭಾಗ ಹೊರಬಂದಿತು. ಕೊನೆಗೆ 1854ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಪಾದ್ರಿಯ ನಿಲುವಂಗಿಯನ್ನು ಕಳಚಿಟ್ಟು ಕ್ರಿಸ್ಟಿಯಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ಒಲವೂ ಅನ್ನವೂ ಒಂದಾಗಲು ಆತನು ಇಪ್ಪತ್ತಮೂರು ವರ್ಷ ಕಾಯಬೇಕಾಯಿತು.

ಆತನ ಕೊನೆಗಾಲದ ಒಂದು ಕಾರ್ಯವನ್ನು ಹೇಳದಿದ್ದರೆ ಈ ಜೀವನಚರಿತ್ರೆ ಅಪೂರ್ಣವಾಗುತ್ತದೆ. ಬ್ರಿಟನ್ನಿನ ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸನು ಕಡಲಿನಲ್ಲಿ ಆಳ ಹೆಚ್ಚಿದಂತೆ ಜೀವಿಗಳು ಕಡಿಮೆಯಾಗುವುದನ್ನು ಕಂಡು, ಸುಮಾರು 300 ಮಾರು ಆಳದ ಕೆಳಗೆ ಜೀವವೇ ಇರಲಾರದೆಂದು 1843ರಲ್ಲಿ ಊಹಿಸಿದ್ದನು. ಅನೇಕರು ಇದನ್ನು ಒಪ್ಪಿದ್ದರು. ಸಾರ್ಸನು ವಾದಕ್ಕಿಳಿಯಲಿಲ್ಲ, ಆಳದಿಂದ ಮೇಲಕ್ಕೆತ್ತಿದ ಪ್ರಾಣಿಗಳ ಪಟ್ಟಿಯನ್ನು ವರ್ಷ ವರ್ಷವೂ ಬೆಳೆಸುತ್ತ ಹೋದನು. 1864ರಲ್ಲಿ ಮಗ ಗೇಯಾರ್ಗ್ ಒಸ್ಸಿಯನ್ನನು ಲೊಫೋಟೆನ್ ದ್ವೀಪಗಳ ಹತ್ತಿರ ಸುಮಾರು 300 ಮಾರು ಆಳದಿಂದ ಹೂವಿನಂಥ ಒಂದು ವಿಚಿತ್ರ ಪ್ರಾಣಿಯನ್ನು ತಂದನು. ಉದ್ದ ದಂಟು, ತುದಿಯಲ್ಲಿ ಎಸಳುಗಳಂಥ ತೋಳುಗಳು. ನಕ್ಷತ್ರಮೀನಿನ ನಂಟಸ್ತಿಕೆಯ ಇದು, ಎಂದೋ ಅಳಿದು ಕಲ್ಲಿನಲ್ಲಿ ಮಾತ್ರ ಉಳಿದಿದೆಯೆಂದು ಎಣಿಸಿದ್ದ ಒಂದು ಪುರಾತನ ವಂಶದ ಕುಡಿಯಾಗಿತ್ತು. ತಂದೆಯು 1868ರಲ್ಲಿ ಇದನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಬರೆದನು. ಈ ಪ್ರಾಣಿಯನ್ನು ಸಾರ್ಸನ ಬಳಿ ನೋಡಿದ ಬ್ರಿಟಿಷ್ ವಿದ್ವಾಂಸ ವೈವಿಲ್ ಥಾಮ್ಸನ್ನನಿಗೆ ಆಳದ ಕಡಲನ್ನು ಶೋಧಿಸಬೇಕೆಂಬ ಹಂಬಲ ಬಲವಾಯಿತು. ಅದರ ಫಲವೇ 1872ರಿಂದ 1876ರವರೆಗೆ ಭೂಮಿಯನ್ನು ಸುತ್ತಿದ ಚಾಲೆಂಜರ್ ಹಡಗಿನ ಪ್ರಸಿದ್ಧ ಯಾತ್ರೆ.

ಆ ಯಾತ್ರೆಯನ್ನು ನೋಡಲು ಸಾರ್ಸನು ಉಳಿಯಲಿಲ್ಲ. 1869ರ ಅಕ್ಟೋಬರ್ 22ರಂದು ಕ್ರಿಸ್ಟಿಯಾನಿಯಾದಲ್ಲಿ ತೀರಿಕೊಂಡನು. ಆತನ ಅನಂತರವೂ ಮಾರೆನ್ ಸಾರ್ಸಳ ಮನೆಯು ಆ ನಗರದ ವಿದ್ವಾಂಸರೂ ಕಲಾವಿದರೂ ಸೇರುವ ತಾಣವಾಗಿತ್ತು. ಕೊನೆಯ ಮಗಳು ಈವಾ 1889ರಲ್ಲಿ ನಾನ್ಸೆನ್ನನ ಕೈ ಹಿಡಿದಳು. ಗೇಯಾರ್ಗ್ ಒಸ್ಸಿಯನ್ನನು ಕಾಡ್ ಎಂಬ ಮೀನಿನ ಮೊಟ್ಟೆಗಳು ತಳಕ್ಕೆ ಬೀಳದೆ ನೀರಿನಲ್ಲಿ ತೇಲುತ್ತವೆಂದು ಕಂಡುಹಿಡಿದು ಮೀನುಗಾರಿಕೆಗೆ ಮಹೋಪಕಾರ ಮಾಡಿದನು. ನಾರ್ವೆಯು 1900ರಲ್ಲಿ ಕಟ್ಟಿದ ಕಡಲ ಸಂಶೋಧನೆಯ ಹಡಗಿಗೆ ಮೈಕೇಲ್ ಸಾರ್ಸನ ಹೆಸರನ್ನೇ ಇಟ್ಟಿತು. 1910ರಲ್ಲಿ ಅದು ಉತ್ತರ ಅಟ್ಲಾಂಟಿಕ್ಕಿನ ಆಳವನ್ನೆಲ್ಲ ಶೋಧಿಸಿ ಬಂದಿತು. ಗಂಟೆಯಾಕಾರದ ಒಂದು ಪುಟ್ಟ ಅಂಬಲಿಮೀನಿನ ಕುಲಕ್ಕೆ ಸಾರ್ಸಿಯ ಎಂದೇ ಹೆಸರು.

ಆತನ ಕಾಲದ ಅನಂತರ ಈ ಶಾಸ್ತ್ರ ಬಹಳ ಬೆಳೆದಿದೆ. ಎಲ್ಲ ಅಂಬಲಿಮೀನುಗಳ ಬಾಳೂ ಒಂದೇ ಬಗೆಯದಲ್ಲ. ಕೆಲವಕ್ಕೆ ಪಾಲಿಪ್ಪಿನ ಅವಸ್ಥೆಯೇ ಇಲ್ಲ. ಮೊಟ್ಟೆಯ ಮರಿ ನೇರವಾಗಿ ಎಫೈರವಾಗುತ್ತದೆ. ಹವಳ, ಕಡಲಹೂವುಗಳಲ್ಲಿ ಇದಕ್ಕೆ ವಿಪರೀತವಾಗಿ ಮೆಡೂಸಾ ಅವಸ್ಥೆಯೇ ಇಲ್ಲ. ಇನ್ನು ಕೆಲವು ಜಾತಿಗಳಲ್ಲಿ ಪಾಲಿಪ್ಪು ತಟ್ಟೆಯಾಗಿ ಸೀಳದೆ, ಗಿಡದಲ್ಲಿ ಮೊಗ್ಗು ಬಿಡುವಂತೆ ಮೈಯ ಪಕ್ಕದಲ್ಲಿ ಮೆಡೂಸಾಗಳನ್ನು ಬಿಡುತ್ತದೆ. ಎಲ್ಲಕ್ಕಿಂತ ಸೋಜಿಗದ್ದು ಟರಿಟಾಪ್ಸಿಸ್ ಎಂಬ ಉಗುರಿಗಿಂತಲೂ ಚಿಕ್ಕದಾದ ಜಾತಿ. ಗಾಯವಾದಾಗ ಇಲ್ಲವೆ ಹಸಿವಾದಾಗ ಬೆಳೆದ ಮೆಡೂಸಾ ಮುದುಡಿ ಮತ್ತೆ ಪಾಲಿಪ್ಪಾಗುತ್ತದೆಂದು ಇಟಲಿಯ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು. ಮುದುಕನು ಮತ್ತೆ ಮಗುವಾದಂತೆ! ಆದರೂ ತಿಳಿಯಬೇಕಾದದ್ದು ಇನ್ನೂ ಬಹಳವಿದೆ. ಎಷ್ಟೋ ಜಾತಿಗಳ ಪಾಲಿಪ್ಪುಗಳನ್ನು ಕಡಲಿನಲ್ಲಿ ಇದುವರೆಗೆ ಯಾರೂ ಕಂಡಿಲ್ಲ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನು ಅಪ್ಪಯ್ಯನ ಬಳಿ ಕುಳಿತು, ಮೂರು ವರ್ಷಗಳ ಹಿಂದೆ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಬಲೆಗೆ ಬೀಳುವ ಲೋಳೆಗಳ ಜಾತಿ ನಾರ್ವೆಯವುಗಳದಲ್ಲದಿದ್ದರೂ ಸಾಮಾನ್ಯವಾಗಿ ಬಾಳಿನ ಕ್ರಮ ಇದೇ ಬಗೆಯದೆಂದು ಹೇಳಿ, ಪಾದ್ರಿಯ ಕಥೆಯನ್ನು ಮೊದಲಿನಿಂದ ವಿವರಿಸಿದೆ. ಅವು ಬೇರೆಲ್ಲಿಗೂ ಹೋಗಿರುವುದಿಲ್ಲ, ಉಳಿದ ತಿಂಗಳುಗಳಲ್ಲಿ ಅವುಗಳ ತಾಯಿಬೇರು ಅಕ್ಕಿಕಾಳಿನಷ್ಟಾಗಿ ಕಲ್ಲಿನ ಅಡಿಗೆ ಅಂಟಿಕೊಂಡಿರುತ್ತದೆ, ಹದ ಬಂದಾಗ ಒಂದೊಂದೂ ಹಲವನ್ನು ಬಿಡುವುದರಿಂದ ಒಮ್ಮೆಗೇ ಅಷ್ಟೊಂದು ಕಾಣಿಸುತ್ತವೆ ಎಂದೆ. ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ತಪ್ಪು ಹೇಳಿದ್ದಕ್ಕೆ ಬೇಸರವಾಯಿತೇನೋ ಎಂದು ನಾನು ಅಂಜಿದೆ. ಆಮೇಲೆ ಅವರು ಕೇಳಿದ್ದು ಇಷ್ಟೇ: ದಕ್ಕೆಯ ಕಂಬಗಳ ಬುಡದಲ್ಲಿಯೂ ಅವು ಇರಬಹುದೆ, ನೀರು ಇಳಿದಾಗ ಒಂದು ದಿನ ಹೋಗಿ ನೋಡೋಣವೆ ಎಂದು. ಇರಬಹುದು ಎಂದೆ. ಈ ಸಲ ಇದೆ ಎಂದು ಹೇಳಲಿಲ್ಲ.

ಮುಂದಿನ ವರ್ಷ ನಾವು ಅಂತಿಮ ತರಗತಿಯವರು ಚದುರಿ ಹೋಗುತ್ತೇವೆ. ಕೆಲವರಿಗೆ ಕಚೇರಿ, ಕೆಲವರಿಗೆ ಅಂಗಡಿ, ಕೆಲವರಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ನನಗೂ ಮೊದಲು ಮನೆಯ ಸಾಲ ತೀರಿಸುವ ಕೆಲಸವೊಂದು ಬೇಕು. ಒಲವಿನ ಕೆಲಸವೇ ಸಿಕ್ಕಬೇಕೆಂದು ಕಾದು ಕುಳಿತುಕೊಳ್ಳುವ ಅನುಕೂಲ ನನಗಿಲ್ಲ. ಹಾಗೆಂದು ಪುಸ್ತಕವನ್ನು ಕಟ್ಟಿಡಬೇಕಾಗಿಲ್ಲವೆಂಬ ಧೈರ್ಯವನ್ನು ನನಗೆ ಕೊಟ್ಟವನು ಈ ಪಾದ್ರಿ. ದೋಣಿಯಲ್ಲಿ ಹೋಗಿ ಮದುವೆ ಮಾಡಿಸಿ ಬಂದವನು ಸಂಜೆ ಬಟ್ಟಲಿನ ನೀರಿನೊಳಗೆ ಇಣಿಕಿ ನೋಡುತ್ತಿದ್ದನೆಂಬುದನ್ನು ನೆನೆದರೆ ಕಚೇರಿಯ ಕೆಲಸ ಮುಗಿದ ಮೇಲೆಯೂ ದಿನ ಉಳಿದಿರುತ್ತದೆ ಎನ್ನಿಸುತ್ತದೆ. ನೀರು ಇಳಿಯುವ ಹುಣ್ಣಿಮೆಯ ದಿನಕ್ಕಾಗಿ ಅಪ್ಪಯ್ಯನೂ ನಾನೂ ಕಾಯುತ್ತಿದ್ದೇವೆ.